ಹತ್ತಕ್ಕೆ ಹತ್ತರ ರೂಮಿಗೆ ಎಂಥ ಜಿಮ್?

ಬಹಳಷ್ಟು ಪಿಜಿ ರೂಮ್‌ಗಳಲ್ಲಿ ಒಂದು ಜೊತೆ 5 ಕೆಜಿ ಡಂಬೆಲ್ ಇರುತ್ತೆ. ಗಾಳಿಗೆ ಬಾಗಿಲು ಬಡ್ಕೊಳ್ಳದ ಹಾಗೆ ಒತ್ತಿಡೋಕೆ! ತಂದವನು ಸೋಮಾರಿ ಅಂತ ಎಲ್ಲರೂ ನಗ್ತಾರೆ. ನನ್ನ ಪ್ರಕಾರ ಅರ್ಧ ತಪ್ಪು ಆ ಡಂಬೆಲ್‌ದೇ.

ಶಕ್ತಿ ಬರೋದು ಭಾರ ಸ್ವಲ್ಪ ಸ್ವಲ್ಪವೇ ಏರಿದಾಗ. 5 ಕೆಜಿ ಹಗುರ ಅನ್ನಿಸಿದ ಮೇಲೆ 7.5 ಕೆಜಿ ತಂದರೆ, ಒಂದೇ ಏಟಿಗೆ ಶೇ. 50 ಏರಿಕೆ. ಕಾಲು ತಡ್ಕೊಳ್ಳಬಹುದು, ಭುಜ ಒಪ್ಪಲ್ಲ. ಅದಕ್ಕೇ ರಾಡು, ನಟ್ಟು, ಬಿಡಿ ಪ್ಲೇಟುಗಳ ಸೆಟ್ ತಗೊಳ್ಳಿ ಅನ್ನೋದು. ಮಂಚದ ಕೆಳಗೆ ಹಿಡಿಯುತ್ತೆ. ಕೊಳ್ಳುವಾಗ ದೊಡ್ಡ ಪ್ಲೇಟಿಗಿಂತ ಚಿಕ್ಕದನ್ನು ಕೇಳಿ. ಎರಡೂ ತುದಿಗೆ ಹಾಕಬೇಕಲ್ವಾ, 1.25 ಕೆಜಿ ಪ್ಲೇಟು ಅಂದ್ರೆ ಏರಿಕೆ 2.5 ಕೆಜಿ. ಅರ್ಧ ಕೆಜಿಯ ನಾಲ್ಕು ಸಿಕ್ಕರೆ ಎರಡು ಡಂಬೆಲ್‌ಗೂ ಒಂದೊಂದೇ ಕೆಜಿ ಏರಿಸಬಹುದು.

ರಬ್ಬರ್ ಬ್ಯಾಂಡ್ ಡ್ರಾಯರ್‌ನಲ್ಲೇ ಹಿಡಿಯುತ್ತೆ, ನಿಜ. ಆದ್ರೆ ಎಳೆದಷ್ಟೂ ಬಿಗಿ, ಬಿಟ್ಟಷ್ಟೂ ಸಡಿಲ. ಬಸ್ಕಿಯಲ್ಲಿ ಕಷ್ಟ ಇರೋದು ಕೆಳಗೆ ಕೂತಾಗ, ಬ್ಯಾಂಡ್ ಸಡಿಲ ಆಗೋದೂ ಅಲ್ಲೇ. ಬೆನ್ನಿನ ವ್ಯಾಯಾಮಕ್ಕೆ ಇರಲಿ, ಅದೊಂದನ್ನೇ ನಂಬ್ಕೋಬೇಡಿ.

ಬಾಗಿಲ ಚೌಕಟ್ಟಿಗೆ ತಿರುಗಿಸಿ ಬಿಗಿಯುವ ಪುಲ್-ಅಪ್ ಬಾರ್ ಮಾತ್ರ ನನಗೆ ಭಯ. 65 ಕೆಜಿ ಆಸಾಮಿ ಸುಮ್ನೆ ನೇತಾಡಿದರೂ ಸುಮಾರು 640 ನ್ಯೂಟನ್, ಜೋಲಿ ಹೊಡೆದರೆ ಇನ್ನೂ ಜಾಸ್ತಿ. ಸ್ಕ್ರೂ ಹೊಡೆಯದಿದ್ದರೆ ತಡೆಯೋದು ಬರೀ ಘರ್ಷಣೆ. ಜಾರಿದರೆ ಬೆನ್ನೂ ಹೋಯ್ತು, ಓನರ್ ಹತ್ರ ಇರೋ ಅಡ್ವಾನ್ಸೂ ಹೋಯ್ತು. ಗ್ರೌಂಡ್‌ನಲ್ಲಿ ಬಾರ್ ಇದ್ದರೆ ಅಲ್ಲೇ ಹೋಗಿ.

ಕಾಲಿಗೆ ದುಡ್ಡು ಖರ್ಚು ಮಾಡೋದೇ ಬೇಡ. 20 ಲೀಟರ್ ನೀರಿನ ಕ್ಯಾನ್ ತುಂಬಿದರೆ ನೀರೇ 20 ಕೆಜಿ. ಲೀಟರಿಗೊಂದು ಕೆಜಿ ಲೆಕ್ಕದಲ್ಲಿ ಬೇಕಾದಷ್ಟೇ ತುಂಬಿ, ಎದೆಗೆ ಅವಚಿಕೊಂಡು ಬಸ್ಕಿ ಹೊಡೀರಿ. ಮುಚ್ಚಳ ಗಟ್ಟಿ ಇರಲಿ, ಲ್ಯಾಪ್‌ಟಾಪ್ ದೂರ ಇರಲಿ.

ಮೈಸೂರಿನ ಗರಡಿಗಳಲ್ಲೂ ಇರೋದು ಸಣ್ಣ ಜಾಗ, ನಾಲ್ಕೇ ಸಾಮಾನು. ಗದೆಯ ಉದ್ದ ಕೋಲಿನ ತುದಿಯಲ್ಲಿ ಭಾರ ಇರುತ್ತೆ. ಹಿಡಿ ಮೇಲೆ ಸರಿಸಿದರೆ ಹಗುರ, ಕೆಳಗೆ ಸರಿಸಿದರೆ ಭಾರ. ಟಾರ್ಕ್ ಬದಲಾಗುತ್ತೆ, ಅಷ್ಟೇ! ಪ್ಲೇಟೇ ಬೇಡ. ಹಾಗಂತ ಫ್ಯಾನ್ ಕೆಳಗೆ ಗದೆ ತಿರುಗಿಸೋಕೆ ಹೋಗಬೇಡಿ ಮತ್ತೆ.

ದುಡ್ಡು ಉಳಿದರೆ ಒಂದು ದಪ್ಪ ರಬ್ಬರ್ ಮ್ಯಾಟ್ ತನ್ನಿ. ನಮ್ಮ ನೆಲ ಕೆಳಗಿನವರಿಗೆ ಸೂರು, ರಾತ್ರಿ ಹನ್ನೊಂದಕ್ಕೆ ಕಬ್ಬಿಣ ಇಳಿಸಿದರೆ ಅವರೂ ಏಳ್ತಾರೆ.