ಕೃಷಿಶೋಧನೆಯೂ ರೈತನ ಸಖ್ಯವೂ

ಬೇಸಾಯದ ಸುಧಾರಣೆಯ ವಿಷಯದಲ್ಲಿ ವಿದ್ಯಾವಂತರೊಳಗೆ ಒಂದು ಮತವು ಬಲವಾಗಿ ಬೇರೂರಿರುವುದು. ಶೋಧನೆಯು ನಡೆಯತಕ್ಕದ್ದು ಸಂಶೋಧನಾಕ್ಷೇತ್ರದ ಬೇಲಿಯೊಳಗೆ. ಹೊರಗಿರುವ ರೈತನು ಅದರ ಫಲವನ್ನು ಕೈಯೊಡ್ಡಿ ಸ್ವೀಕರಿಸತಕ್ಕವನು. ನಡುವೆ ಉಪದೇಶಕನೊಬ್ಬನಿದ್ದರೆ ಸಾಕು ಎಂಬುದೇ ಆ ಮತವು. ರೈತನಿಗೆ ಕರೆ ಬರುವುದು ಕಟ್ಟಕಡೆಯ ದಿನ, ಪ್ರಾತ್ಯಕ್ಷಿಕೆಯ ಚಪ್ಪರಕ್ಕೆ. ಯಾವ ಪೈರನ್ನು ತಿದ್ದಬೇಕು, ಅದರಲ್ಲಿ ಯಾವ ಗುಣವನ್ನು ಅರಸಬೇಕು ಎಂಬ ಮೊದಲ ದಿನದ ವಿಚಾರಕ್ಕೆ ಅವನು ಬೇಡ. ಇದು ಅನ್ಯಾಯವೆಂಬುದು ಹಾಗಿರಲಿ. ಅಶಾಸ್ತ್ರೀಯವೆಂಬುದೇ ಇದರ ದೊಡ್ಡ ದೋಷವು.

ಪ್ರಾಚೀನರು ಹೀಗೆ ಎಣಿಸಿರಲಿಲ್ಲ. ಅರ್ಥಶಾಸ್ತ್ರದ ಸೀತಾಧ್ಯಕ್ಷಪ್ರಕರಣದಲ್ಲಿ ಕೌಟಿಲ್ಯನು, ರಾಜನ ಹೊಲಗಳನ್ನು ನೋಡಿಕೊಳ್ಳುವ ಅಧಿಕಾರಿಯು ಕೃಷಿತಂತ್ರವನ್ನೂ ವೃಕ್ಷಾಯುರ್ವೇದವನ್ನೂ ತಾನೇ ಬಲ್ಲವನಾಗಿರಬೇಕು, ಇಲ್ಲವೆ ಬಲ್ಲವರನ್ನು ಸಖರನ್ನಾಗಿ ಉಳ್ಳವನಾಗಿರಬೇಕು ಎಂದು ವಿಧಿಸಿರುವನು. ಆತನು ಆರಿಸಿಕೊಂಡ ಪದವು ಸಖನೆಂಬುದು. ಭೃತ್ಯನೆಂದೂ ಅಲ್ಲ, ಶಿಷ್ಯನೆಂದೂ ಅಲ್ಲ. ಕೌಟಿಲ್ಯನಿಗೆ ಒಕ್ಕಲುಮಕ್ಕಳ ಮೇಲೆ ಅತಿಯಾದ ಮಮತೆಯಿದ್ದಿತೆಂದು ಯಾರೂ ಹೇಳಲಾರರು. ಬೊಕ್ಕಸದ ಮೇಲೆ ಇದ್ದಿತು. ಬಲ್ಲವರ ಗೆಳೆತನವಿಲ್ಲದೆ ಬೊಕ್ಕಸವು ತುಂಬದೆಂಬುದು ಅಂಥವನಿಗೂ ಗೊತ್ತಿದ್ದಿತು.

ಆಧುನಿಕ ವಿಜ್ಞಾನದ ಚರಿತ್ರೆಯು ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಕೊಡುವುದೋ ಎಂದರೆ ಅದೂ ಇಲ್ಲ. ಅಡಕೆಯ ತೋಟದವರೆಲ್ಲರೂ ಬಲ್ಲ ಬೋರ್ಡೋ ಮಿಶ್ರಣವು ಹುಟ್ಟಿದ ಬಗೆಯನ್ನು ನೋಡಬಹುದು. ಫ್ರಾನ್ಸಿನ ಮೆಡಾಕ್ ಸೀಮೆಯ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು, ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ನೋಡುವವರಿಗೆ ವಿಷದಂತೆ ಕಾಣಲಿ ಎಂಬುದಷ್ಟೇ ಉದ್ದೇಶ. 1882ರಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರದ ಅಧ್ಯಾಪಕರಾದ ಮಿಲಾರ್ಡೆಯವರು ಆ ದಾರಿಯಲ್ಲಿ ಹೋಗುತ್ತ, ಒಳಗಿನ ಬಳ್ಳಿಗಳು ಬೂಜುತುಪ್ಪಟ ರೋಗದಿಂದ ಎಲೆಯುದುರಿಸಿ ನಿಂತಿರಲು ಅಂಚಿನವು ಮಾತ್ರ ಹಸುರಾಗಿರುವುದನ್ನು ಕಂಡು, ಕಾರಣವನ್ನು ತೋಟದವರಲ್ಲಿಯೇ ವಿಚಾರಿಸಿದರು. ಪರೀಕ್ಷೆಗಳನ್ನು ಮಾಡಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಎರಚಿದವರಿಗೆ ಅದರ ರೋಗನಾಶಕ ಗುಣವು ತಿಳಿದಿರಲಿಲ್ಲ, ನಿಜ. ಅಧ್ಯಾಪಕರು ಕೇಳದೆ ಮುಂದೆ ನಡೆದಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲ.

ಆ ಮದ್ದು ಮಲೆನಾಡಿನ ಅಡಕೆಗೆ ದೊರೆತುದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದೇಶದ ಲೆಸ್ಲಿ ಕೋಲ್ಮನ್ನರಿಂದ. ಅವರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅವರು ಬರುವ ಮುನ್ನ ತೋಟದವರು ಕೈಕಟ್ಟಿ ಕುಳಿತಿದ್ದರೆಂದು ತಿಳಿಯುವುದು ತಪ್ಪು. ಮಳೆ ಹಿಡಿಯುವ ಮೊದಲೇ ಕೊನೆಗಾರನು ಮರವೇರಿ ಒಂದೊಂದು ಕೊನೆಗೂ ಕೊಟ್ಟೆಯನ್ನು ಕಟ್ಟುತ್ತಿದ್ದನು. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬಾರದೆಂಬ ಸಿದ್ಧಾಂತವು ಆ ಕೊಟ್ಟೆಯಲ್ಲಿದೆ. ರೋಗದ ಬೀಜಾಣುವು ನೀರಿನಲ್ಲಿ ಈಜಿ ಹಬ್ಬುವುದೆಂದು ಸೂಕ್ಷ್ಮದರ್ಶಕವು ತೋರಿಸಿದುದೂ ಅದನ್ನೇ. ಇಂದು ಸಂಶೋಧಕರು ಕೊನೆಗಳಿಗೆ ಪಾಲಿಥೀನ್ ಚೀಲವನ್ನು ತೊಡಿಸಿರೆಂದು ಹೇಳುತ್ತಿರುವರು. ಕೊಟ್ಟೆಯೇ ವೇಷಾಂತರದಿಂದ ಬಂದಿತೆಂದು ಮುದುಕ ಕೊನೆಗಾರರು ನಕ್ಕರೆ ತಪ್ಪೇನು? ಹೆಸರಿನ ಮಾತಂತೂ ಇನ್ನೂ ಸ್ವಾರಸ್ಯವಾದುದು. ಮೈಸೂರು ಸೀಮೆಯ ಕಾಫಿ ಗಿಡದ ಕೊಳೆಯನ್ನು ಪರೀಕ್ಷಿಸಿದ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು 1876ರಲ್ಲಿ ಆ ಶಿಲೀಂಧ್ರಕ್ಕೆ ಇಟ್ಟ ಶಾಸ್ತ್ರೀಯ ನಾಮದಲ್ಲಿ ‘ಕೊಳೆರೋಗ’ ಎಂಬ ನಮ್ಮ ಒಕ್ಕಲುಮಕ್ಕಳ ಮಾತೇ ಸೇರಿಕೊಂಡಿರುವುದು.

ರೈತನು ಅಳೆಯಲಾರನು, ತೂಗಲಾರನು, ಒಂದು ವರುಷದ ಆಕಸ್ಮಿಕವನ್ನೇ ನಿಯಮವೆಂದು ಭ್ರಮಿಸುವನು ಎಂಬುದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವುಂಟು, ಆದುದರಿಂದಲೇ ವಿಜ್ಞಾನಿಯು ಬೇಕು. ಆದರೆ ತಕ್ಕಡಿಯು ಎಷ್ಟು ನಿಷ್ಕೃಷ್ಟವಾಗಿದ್ದರೇನು, ಅದರಲ್ಲಿ ಇಡತಕ್ಕುದನ್ನೇ ಇಡದಿದ್ದ ಮೇಲೆ? ಸಂಶೋಧನಾಕ್ಷೇತ್ರದಲ್ಲಿ ರಾಗಿಯ ಕಾಳನ್ನು ತೂಗುವರು. ಮನೆಯಲ್ಲಿ ಎತ್ತುಗಳನ್ನು ಕಟ್ಟಿರುವವನು ಹುಲ್ಲನ್ನೂ ತೂಗುವನು. ಅವನ ಹೆಂಡತಿಯು ಹಿಟ್ಟು ಮುದ್ದೆಗೆ ಕೂಡುವುದೋ ಇಲ್ಲವೋ ಎಂದು ನೋಡುವಳು. ನೀರು ಗೊಬ್ಬರಗಳು ಹೇರಳವಾಗಿರುವ ಮಡಿಯಲ್ಲಿ ಗೆದ್ದ ತಳಿಯು ಕಲ್ಲುಭೂಮಿಯಲ್ಲಿ ಸೋತರೆ, ರೈತನು ಮೂಢನೆಂಬ ದೂರು ಬೇರೆ!

ಇದಕ್ಕೆ ಪರಿಹಾರವು ಕನಸಿನ ಮಾತಲ್ಲ. ರಾಂಚಿಯ ಬಿರ್ಸಾ ಕೃಷಿ ವಿಶ್ವವಿದ್ಯಾನಿಲಯದವರು ಇತರ ಸಂಸ್ಥೆಗಳೊಡನೆ ಸೇರಿ, ಕಳಿಂಗ-3 ಮತ್ತು ಐಆರ್-64 ಎಂಬ ಭತ್ತಗಳ ಸಂಕರದ ಸಂತಾನವನ್ನು ರೈತರ ಹೊಲಗಳಿಗೇ ಒಯ್ದು, ಅವರ ಆಯ್ಕೆಯನ್ನೂ ಕೂಡಿಸಿಕೊಂಡು ಅಶೋಕ ಎಂಬ ಹೆಸರಿನ ತಳಿಗಳನ್ನು ಹೊರತಂದರು. ಮಳೆಯನ್ನೇ ನಂಬಿದ ಎತ್ತರದ ಹೊಲಗಳಿಗೆ ಬೇಗ ಮಾಗುವ ಆ ಭತ್ತಗಳು ಒಗ್ಗಿದುವು.

ಸಖ್ಯವಿಲ್ಲದೆಡೆ ಏನಾಗುವುದೆಂಬುದಕ್ಕೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆಯವರ ಕಥೆಯೇ ಸಾಕು. ಅಲ್ಪಸ್ವಲ್ಪ ಭೂಮಿಯ ಆ ರೈತರು 1983ರಲ್ಲಿ ತಮ್ಮ ಗದ್ದೆಯಲ್ಲಿ ಬೇರೆ ಬಗೆಯಾಗಿ ಕಂಡ ಕೆಲವು ತೆನೆಗಳನ್ನು ಬಿಡಿಸಿ, ವರುಷ ವರುಷವೂ ಬಿತ್ತಿ ಆರಿಸಿ, ಸಣ್ಣಕ್ಕಿಯ ಒಂದು ತಳಿಯನ್ನು ನಿಲ್ಲಿಸಿದರು. ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರಿನಿಂದ ಅದು ಎಚ್‌ಎಂಟಿ ಭತ್ತವೆನಿಸಿ ಹಲವು ಪ್ರಾಂತಗಳಿಗೆ ಹಬ್ಬಿತು. ವಿಶ್ವವಿದ್ಯಾನಿಲಯವೊಂದು ಅದನ್ನು ಶುದ್ಧೀಕರಿಸಿ ತನ್ನ ಹೆಸರನ್ನು ಜೋಡಿಸಿ ಬಿಡುಗಡೆ ಮಾಡಿತು. ಪುರಸ್ಕಾರಗಳು ತಡವಾಗಿ ಬಂದುವು, ಸಂಪತ್ತು ಬರಲಿಲ್ಲ, 2018ರಲ್ಲಿ ಅವರು ಬಡವರಾಗಿಯೇ ತೀರಿಕೊಂಡರು. ಆರಿಸಿದ ಕಣ್ಣು ರೈತನದು, ಮುದ್ರೆಯು ಪಂಡಿತನದು!

ರೈತನೂ ತಳಿಯ ಕರ್ತೃವಾಗಬಲ್ಲನೆಂದು ಭಾರತದ ಶಾಸನವು 2001ರಲ್ಲಿಯೇ ಒಪ್ಪಿಕೊಂಡಿರುವುದು. ಅವನ ತಳಿಯ ನೋಂದಣಿಗೆ ಶುಲ್ಕವೂ ಇಲ್ಲ. ಶಾಸನವು ಒಪ್ಪಿದುದನ್ನು ಸಂಶೋಧನಾಲಯಗಳು ಒಪ್ಪುವುದೊಂದು ಬಾಕಿ. ಬರುವ ಮುಂಗಾರಿಗೆ ಯಾವ ಯಾವ ರಾಗಿಗಳನ್ನು ಪರೀಕ್ಷೆಗೆ ಇಡಬೇಕೆಂದು ಗೊತ್ತುಮಾಡುವ ದಿನದಂದೇ, ಆಯಾ ಹೋಬಳಿಯ ನಾಲ್ವರು ಬೇಸಾಯಗಾರರನ್ನೂ ಮನೆಯಲ್ಲಿ ಬೀಜವನ್ನು ಕಾಯ್ದಿಡುವ ಇಬ್ಬರು ಹೆಂಗಸರನ್ನೂ ಮೇಜಿನ ಸುತ್ತ ಕೂರಿಸಿಕೊಳ್ಳಲಿ. ಅವರಿಗೆ ಆ ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕೊಡಲಿ. ಪ್ರಾತ್ಯಕ್ಷಿಕೆಯ ಚಪ್ಪರಕ್ಕೂ ಹೂಮಾಲೆಗಳಿಗೂ ತಗಲುವ ಹಣದಲ್ಲಿ ಇದು ಸಣ್ಣ ಪಾಲು.