ಟ್ರಾಕ್ಟರಿನ ಬೆಲ್ಟು ಪದೇ ಪದೇ ಸವೆಯುವುದೇಕೆ?

ಹಳೆಯ ಟ್ರಾಕ್ಟರುಗಳನ್ನಿಟ್ಟುಕೊಂಡಿರುವ ಹಿಡುವಳಿದಾರರಲ್ಲಿ ಕೆಲವರು ಫ್ಯಾನ್ ಬೆಲ್ಟನ್ನು ವರ್ಷಕ್ಕೆ ಎರಡು ಮೂರು ಸಲ ಬದಲಾಯಿಸಿ, ಈಗಿನ ಸರಕೇ ಹೀಗೆಂದು ಅಂಗಡಿಯವನನ್ನು ದೂರುವುದುಂಟು. ಕಳಪೆ ಸರಕು ಇಲ್ಲವೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಮೂರು ಅಂಗಡಿಗಳಿಂದ ತಂದ ಮೂರು ಬೆಲ್ಟುಗಳೂ ಒಂದೇ ರೀತಿಯಾಗಿ ಕೆಟ್ಟರೆ, ದೋಷವು ಬೆಲ್ಟಿನಲ್ಲಿರದೆ ಅದು ಸುತ್ತುವ ರಾಟೆಗಳ ಕಡೆಗೇ ಇದೆಯೆಂದು ತಿಳಿಯತಕ್ಕದ್ದು. ಅಂಥಲ್ಲಿ ಬೆಲ್ಟನ್ನು ಮಾತ್ರ ಬದಲಾಯಿಸುವುದು ಜ್ವರ ಬಂದವನ ಕಂಬಳಿಯನ್ನು ಬದಲಾಯಿಸಿದಂತೆಯೇ ಸರಿ.

ಇದನ್ನು ಅಲ್ಪವಿಷಯವೆಂದು ಎಣಿಸಲಾಗದು. ಅನೇಕ ಹಳೆಯ ಟ್ರಾಕ್ಟರುಗಳಲ್ಲಿ ಇದೊಂದೇ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ಬ್ಯಾಟರಿಗೆ ವಿದ್ಯುತ್ತನ್ನೊದಗಿಸುವ ಡೈನಮೋವನ್ನೂ ತಿರುಗಿಸುವುದು. ಅದು ಹರಿದರೆ ರೇಡಿಯೇಟರಿನ ನೀರು ಕುದಿಯುವುದು. ಚಾಲಕನು ಗಮನಿಸದೆ ಉಳುತ್ತಲೇ ಹೋದರೆ ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಸಿಲಿಂಡರ್ ಹೆಡ್ಡೇ ಬಾಗಬಹುದು. ಮುಂಗಾರಿನ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಟ್ರಾಕ್ಟರು ರಿಪೇರಿಗೆ ನಿಂತ ನಾಲ್ಕು ದಿನಗಳಲ್ಲಿ ಮಾಲೀಕರ ಬಿತ್ತನೆಯಷ್ಟೇ ಅಲ್ಲ, ಅದನ್ನು ಬಾಡಿಗೆಗೆ ನಂಬಿದ ಸಣ್ಣ ರೈತರ ಬಿತ್ತನೆಯೂ ತಪ್ಪುವುದು.

ಕೆಟ್ಟ ಬೆಲ್ಟನ್ನು ಕೂಡಲೇ ಎಸೆಯಬಾರದು; ರೋಗದ ಗುರುತು ಅದರಲ್ಲಿಯೇ ಇರುವುದು. ಎರಡು ಪಕ್ಕಗಳೂ ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟು ಸಡಿಲವಾಗಿ ಜಾರಿದೆ. ಒಂದೇ ಪಕ್ಕ ಸವೆದು ದಾರಗಳೆದ್ದಿದ್ದರೆ ರಾಟೆಗಳು ಒಂದೇ ಸಾಲಿನಲ್ಲಿಲ್ಲ. ಅಚ್ಚು ವಾರೆಯಾದ ಬಂಡಿಯ ಚಕ್ರವು ಒಂದು ಮಗ್ಗುಲಿಗೆ ಸವೆಯುವುದನ್ನು ಎಲ್ಲರೂ ಬಲ್ಲರಷ್ಟೆ. ಬೆಲ್ಟು ಮೆತ್ತಗಾಗಿ ಉಬ್ಬಿದ್ದರೆ ಎಣ್ಣೆಯೋ ಡೀಸೆಲೋ ಅದರ ಮೇಲೆ ಸೋರುತ್ತಿದೆ. ಒಳಮೈ ಅಡ್ಡಡ್ಡಲಾಗಿ ಬಿರಿದಿದ್ದರೆ ಶಾಖ ಅಥವಾ ಹಳೆತನವು ಕಾರಣ.

ಬೆಲ್ಟಿನ ತಳವು ಉಜ್ಜಿ ನುಣುಪಾಗಿರುವುದು ಇವೆಲ್ಲಕ್ಕಿಂತ ಹೆಚ್ಚು ಗಮನಿಸತಕ್ಕ ಗುರುತು. ಈ ಬೆಲ್ಟು ಬೆಣೆಯಂತೆ ತನ್ನ ಎರಡು ಪಕ್ಕಗಳಿಂದ ರಾಟೆಯನ್ನು ಕಚ್ಚುವುದೇ ಹೊರತು ತಳದಿಂದಲ್ಲ. ಹಳೆಯ ರಾಟೆಯ ತೋಡು ಸವೆದು ಅಗಲವಾದರೆ, ಅಥವಾ ಬೆಲ್ಟಿನ ಅಗಲವೇ ಕಡಿಮೆಯಾದರೆ, ಅದು ತಳಕ್ಕಿಳಿದು ಎಷ್ಟು ಬಿಗಿದರೂ ಜಾರುವುದು. ಇದನ್ನರಿಯದೆ ಮತ್ತೂ ಬಿಗಿಯುವುದರಿಂದ ಪಂಪಿನ ಮತ್ತು ಡೈನಮೋವಿನ ಬೇರಿಂಗುಗಳು ಕೆಡುವುವು. ಬೇರಿಂಗು ಸಡಿಲವಾದರೆ ರಾಟೆ ವಾರೆಯಾಗಿ ಹೊಸ ಬೆಲ್ಟೂ ಕೆಡುವುದು.

ಪರೀಕ್ಷೆಯು ಕಷ್ಟವಾದುದಲ್ಲ. ಎಂಜಿನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ಆರಿದ ಮೇಲೆ ಫ್ಯಾನನ್ನು ಕೈಯಿಂದ ಅಲುಗಿಸಿ ನೋಡಬೇಕು. ಅದು ಅತ್ತಿತ್ತ ಓಲಾಡಿದರೆ ಬೇರಿಂಗು ಸವೆದಿದೆ. ನೇರವಾದ ಪಟ್ಟಿಯೊಂದನ್ನು ರಾಟೆಗಳಿಗೆ ಅಡ್ಡಲಾಗಿ ಹಿಡಿದು ಸಾಲು ನೋಡಬೇಕು. ಉದ್ದನೆಯ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಸುಮಾರು ಅರ್ಧ ಅಂಗುಲ ತಗ್ಗುವುದು ಸಾಮಾನ್ಯ. ಟ್ರಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ದಾರಗಳು ಕಡಿಯುವುವು. ಡೈನಮೋವಿನ ಬೋಲ್ಟನ್ನು ಸಡಿಲಿಸಿಯೇ ಹಾಕಬೇಕು. ಕೆಲವು ಗಂಟೆಗಳ ಕೆಲಸದ ತರುವಾಯ ಬಿಗಿಯನ್ನು ಮತ್ತೊಮ್ಮೆ ನೋಡಬೇಕು.

ಸವೆದ ರಾಟೆಯನ್ನು ಬದಲಾಯಿಸುವ ಖರ್ಚಿಗೆ ಹಿಂಜರಿದು, ಬೆಲ್ಟುಗಳಿಗೆ ಮತ್ತೆ ಮತ್ತೆ ಹಣ ತೆರುವುದು ಮಿತವ್ಯಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆಯೇ ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರಾಕ್ಟರುಗಳೆಲ್ಲವನ್ನೂ ಈ ಕ್ರಮದಲ್ಲಿ ಪರೀಕ್ಷಿಸುವಂತೆ ಮಾಡಿದರೆ ಊರಿಗೆ ಊರೇ ಉಪಕಾರವನ್ನು ಹೊಂದುವುದು.