ಎಲ್ಲದಕ್ಕೂ ಒಂದೇ ಬಾಟ್ಲಿ

‘ಆಲ್ ಪರ್ಪಸ್ ಕ್ಲೀನರ್’ ಅಂತ ಹೆಸರಿಟ್ಟ ಪುಣ್ಯಾತ್ಮ ಸಿಕ್ಕರೆ ಒಂದೇ ಪ್ರಶ್ನೆ ಕೇಳಬೇಕು: ಯಾವ ಪರ್ಪಸ್ಸು ಗುರುವೇ? ಡೋರ್ ಪ್ಯಾಡಿಗೂ ಅದೇ, ಸೀಟಿಗೂ ಅದೇ, ಟೈರಿಗೂ ಅದೇ, ಗ್ರೀಸ್ ಮೆತ್ತಿದ ಇಂಜಿನ್ನಿಗೂ ಅದೇ. ಐದು ಲೀಟರ್ ಕ್ಯಾನು, ನೇರಳೆ ಬಣ್ಣ, ನಿಂಬೆಹಣ್ಣಿನ ವಾಸನೆ. ಕಾರು ಹುಚ್ಚಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನ ಎಪಿಸಿ ಅಂತಾರೆ. ಅಪ್ಪನಿಗೆ ಹಾಗಂದಾಗ, “ಎಪಿಎಂಸಿಲಿ ಇದನ್ನೂ ಮಾರ್ತಾರಾ?” ಅಂತ ಕೇಳಿದ್ರು.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ, ಇಲ್ಲಾಂದ್ರೆ ಬೇರೆಯವರಿಗೆ ಬೈಯೋ ಹಕ್ಕು ನನಗಿಲ್ಲ. ಸಕಲೇಶಪುರಕ್ಕೂ ಆಲೂರಿಗೂ ನಡುವೆ ನಮ್ಮೂರು. ಅಲ್ಲಿನ ತೋಟದ ರಸ್ತೆ ನೋಡಿದವರಿಗೆ ಗೊತ್ತು, ಜುಲೈನಲ್ಲಿ ಒಂದ್ಸಲ ಹೋಗಿ ಬಂದರೆ ಕಾರ್ಪೆಟ್ಟು, ಡೋರಿನ ಸಂದಿ, ಸೀಟ್ ಬೆಲ್ಟು ಎಲ್ಲಾ ಕೆಂಪು ಮಣ್ಣು. ಆಗಿನ್ನೂ ಕಾರು ಹೊಸದು. ಮಳೆ ಹೊಳವಾದ ಒಂದು ಬೆಳಿಗ್ಗೆ ಕಾಫಿ ಕಣದಲ್ಲಿ ನಿಲ್ಲಿಸಿಕೊಂಡು, ಕ್ಯಾನಿನಿಂದ ನೇರ ಸ್ಪ್ರೇ ಬಾಟ್ಲಿಗೆ ಸುರಿದು ಒಳಗೆಲ್ಲ ಹೊಡೆದೆ. ಒಂದು ಹನಿ ನೀರು ಬೆರೆಸಲಿಲ್ಲ. ಗಟ್ಟಿ ಇದ್ದಷ್ಟೂ ಚೆನ್ನಾಗಿ ಕ್ಲೀನ್ ಆಗುತ್ತೆ ಅನ್ನೋ ಲಾಜಿಕ್ಕು. ಅಷ್ಟರಲ್ಲಿ ಅಮ್ಮ ತಿಂಡಿಗೆ ಕರೆದ್ರು. ಅಕ್ಕಿ ರೊಟ್ಟಿ ತಿಂದು ಬರೋ ಹೊತ್ತಿಗೆ ಬಿಸಿಲು ಬಂದು ಎಲ್ಲಾ ಒಣಗಿತ್ತು. ಮೀಟರ್ ಮೇಲಿನ ಪ್ಲಾಸ್ಟಿಕ್ಕು ಮಂಜು ಕವಿದ ಹಾಗೆ ಮಬ್ಬಾಗಿತ್ತು. ಕಿಟಕಿ ಅಂಚಿನ ಅಲ್ಯೂಮಿನಿಯಂ ಪಟ್ಟಿ ಮೇಲೆ ಬಿಳಿ ಕಲೆ. ಆ ಕಲೆ ಇವತ್ತಿಗೂ ಇದೆ.

ಅಪ್ಪ ಬಂದು ನೋಡಿದ್ರು. “ಅಳತೆ ಎಷ್ಟು ಹಾಕ್ದೆ?”

“ಅಳತೆ ಏನಿಲ್ಲಪ್ಪ, ಹಂಗೇ ಹೊಡ್ದೆ.”

“ಹಂಗೇ ಹೊಡ್ದ್ಯಾ? ನಿನ್ನ ಇಂಜಿನಿಯರಿಂಗ್ ಓದ್ಸಿದ್ದು ದಂಡ ಆಯ್ತಲ್ಲೋ.”

ಅವರು ಹಾಗಂದಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೀತಾರೆ. ಒಂದು ಪರ್ಸೆಂಟ್ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಬೇಕು, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಸುರೀಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕು ಕೆಂಪಗಾದ್ರೆ ಅದರ ಮೇಲೆ ತಾಮ್ರ ಕೂತಿದೆ, ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಟ್ಟು ಹೋಗುತ್ತೆ. ಹೈಸ್ಕೂಲು ಮೆಟ್ಟಿಲು ಹತ್ತದ ಅಪ್ಪ ಪ್ರತಿ ವರ್ಷ ಮಳೆಗೆ ಮುಂಚೆ ತಪ್ಪದೆ ಟೆಸ್ಟಿಂಗ್ ಮಾಡ್ತಾರೆ. ಬಿಇ ಮಾಡಿದ ನಾನು ಟೆಸ್ಟೇ ಮಾಡದೆ ನೇರ ಪ್ರೊಡಕ್ಷನ್‌ಗೆ ಹಾಕಿದ್ದೆ.

ಈ ಕ್ಲೀನರ್‌ಗಳಲ್ಲಿ ಬಹುತೇಕ ಕ್ಷಾರ. ಗಟ್ಟಿ ಮಾಲಿನ ಪಿಹೆಚ್ಚು 11, 12ರ ಹತ್ತಿರ ಇರೋದು ಮಾಮೂಲು. ಜೊತೆಗೆ ಜಿಡ್ಡು ಕರಗಿಸೋಕೆ ಸರ್ಫ್ಯಾಕ್ಟಂಟು, ಕೆಲವದರಲ್ಲಿ ಸಾಲ್ವೆಂಟು. ಕೈಗೆ ತಾಗಿದಾಗ ಸೋಪಿನ ಹಾಗೆ ಜಾರುತ್ತಲ್ಲ, ಅದರಲ್ಲಿ ಒಂದು ಪಾಲು ನಿಮ್ಮ ಚರ್ಮದ ಎಣ್ಣೆಯೇ ಸೋಪಾಗ್ತಿರೋದು. ಇನ್ನೊಂದು ವಿಷಯ ನಮ್ಮ ಟೆಕ್ಕಿಗಳಿಗೂ ಹೊಳೆಯಲ್ಲ. ಪಿಹೆಚ್ಚು ಲಾಗ್ ಸ್ಕೇಲು. ಹತ್ತು ಪಟ್ಟು ನೀರು ಬೆರೆಸಿದ್ರೂ ಇಳಿಯೋದು ಹೆಚ್ಚೆಂದರೆ ಒಂದಂಕಿ. ಅಂದರೆ ನೀರು ಬೆರೆಸಿದ್ದೀನಲ್ಲ ಅಂತ ಗ್ಲೌಸ್ ಬಿಚ್ಚಿಡೋ ಹಾಗಿಲ್ಲ.

ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ, ಬಟ್ಟೆಗೆ ಸಾಮಾನ್ಯವಾಗಿ 1:10 ಅಥವಾ ಅದಕ್ಕಿಂತ ತೆಳು ಸಾಕು. ಟೈರಿಗೆ, ಚಕ್ರದ ಮೇಲಿನ ಗೂಡಿಗೆ 1:4ರ ಆಸುಪಾಸು. ಲೇಬಲ್ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. 1:10 ಅಂದರೆ ಒಂದು ಭಾಗಕ್ಕೆ ಹತ್ತು ಭಾಗ ನೀರು, ಒಟ್ಟು ಹನ್ನೊಂದು. ಅರ್ಧ ಲೀಟರ್ ಬಾಟ್ಲಿಗೆ ಸುಮಾರು 45 ಎಂಎಲ್, ಅಂದರೆ ಕೆಮ್ಮಿನ ಸಿರಪ್ಪಿನ 15 ಎಂಎಲ್ ಮುಚ್ಚಳದಲ್ಲಿ ಮೂರು. (ಆ ಮುಚ್ಚಳ ಮತ್ತೆ ಸಿರಪ್ಪಿಗೆ ವಾಪಸ್ ಹೋಗಬಾರದು. ಹಾಗೇ ಈ ನೇರಳೆ ನೀರನ್ನ ಕೋಲಾ ಬಾಟ್ಲಿಯಲ್ಲಿ ಇಡಬೇಡಿ, ಮನೇಲಿ ಮಕ್ಕಳಿರ್ತಾವೆ.) ಕಾಣದ ಮೂಲೆಯಲ್ಲಿ ಮೊದಲು ಒಂದು ಚೂರು ಒರೆಸಿ ನೋಡಿ. ಒಳಗಡೆ ನೇರ ಹೊಡೆಯೋದಲ್ಲ, ಬಟ್ಟೆಗೆ ಹೊಡೆದು ಒರೆಸೋದು, ಇಲ್ಲಾಂದ್ರೆ ಸ್ವಿಚ್ಚಿನ ಸಂದಿಗೆ ಇಳಿಯುತ್ತೆ. ಒಣಗೋಕೆ ಬಿಡದೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಂದ್ಸಲ ಒರೆಸಬೇಕು. ಬಾಗಿಲು ನಾಲ್ಕೂ ತೆಗೆದಿರಲಿ, ಬಿಸಿಲಲ್ಲಿ ಕಾದ ಕಾರು ಬೇಡ. ಟಚ್ ಸ್ಕ್ರೀನು, ಮೀಟರ್ ಗಾಜು, ಪೇಂಟಿಲ್ಲದ ಅಲ್ಯೂಮಿನಿಯಂ ಹತ್ತಿರ ಇದನ್ನ ತರಲೇಬೇಡಿ. ಬ್ಲೀಚಿಂಗ್ ನೀರನ್ನ ಟಾಯ್ಲೆಟ್ಟಿನ ಆಸಿಡ್ ಕ್ಲೀನರ್ ಜೊತೆ ಬೆರೆಸಿದ್ರೆ ಬರೋದು ಕ್ಲೋರಿನ್ ಗ್ಯಾಸು, ಆ ಪ್ರಯೋಗವಂತೂ ಯಾವ ಕಲೆಗೂ ಬೇಡ.

ಸೀಟ್ ಬೆಲ್ಟಿನ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಅದಕ್ಕೆ ಮೆದು ಸೋಪು, ಉಗುರುಬೆಚ್ಚಗಿನ ನೀರು ಅಷ್ಟೇ ಅಂತ ಕಾರಿನ ಮ್ಯಾನ್ಯುಯಲ್‌ಗಳಲ್ಲೇ ಬರೆದಿರುತ್ತೆ. ಬ್ಲೀಚು, ಸಾಲ್ವೆಂಟು ಬಿದ್ದರೆ ಎಳೆ ದುರ್ಬಲ ಆಗುತ್ತೆ. ನಾನು ನಾಲ್ಕೂ ಬೆಲ್ಟಿಗೆ ಗಟ್ಟಿ ಮಾಲು ಹೊಡೆದು ಬ್ರಷ್ಷಲ್ಲಿ ಉಜ್ಜಿದ್ದೆ. ಶಿರಾಡಿ ಘಾಟಿಯಲ್ಲಿ ಹೆಂಡತಿ, ಮಗಳನ್ನ ಕೂರಿಸಿಕೊಂಡು ಟ್ಯಾಂಕರ್ ಹಿಂದೆ ಇಳಿಯೋವಾಗ ಅದು ಈಗಲೂ ನೆನಪಾಗುತ್ತೆ.

ಸರಿ, ನನ್ನ ಕಾರು, ನನ್ನ ಕಲೆ, ನನ್ನ ದುಡ್ಡು. ಆದರೆ ಕೈ ಯಾರದ್ದು? ಬೆಂಗಳೂರಲ್ಲಿ ಒಂದು ಡೀಟೇಲಿಂಗ್ ಅಂಗಡಿಗೆ ಕಾರು ಬಿಟ್ಟಿದ್ದೆ. ಎಸಿ ರೂಮಿನಲ್ಲಿ ನನಗೆ ಕಾಫಿ ಕೊಟ್ಟರು. ಗಾಜಿನ ಆಚೆ ಇಪ್ಪತ್ತು ವರ್ಷವೂ ತುಂಬಿರದ ಹುಡುಗ ಬರಿಗೈಯಲ್ಲಿ ಬಕೆಟ್ಟಿಗೆ ಕೈ ಅದ್ದಿ ಅದ್ದಿ ನನ್ನ ಚಕ್ರ ಉಜ್ಜುತ್ತಿದ್ದ. ಬೆರಳ ಸಂದಿಯೆಲ್ಲ ಬಿರುಕು. ಗ್ಲೌಸ್ ಯಾಕಿಲ್ಲ ಅಂದೆ. “ರೂಢಿ ಆಗಿದೆ ಸರ್” ಅಂದ. ರೂಢಿ ಆಗೋದು ಮನಸ್ಸಿಗೆ, ಚರ್ಮಕ್ಕಲ್ಲ. ಸಾವಿರಾರು ರೂಪಾಯಿ ಬಿಲ್ ಮಾಡೋ ಅಂಗಡಿಗೆ ಒಂದು ಡಬ್ಬ ನೈಟ್ರೈಲ್ ಗ್ಲೌಸ್ ಭಾರ ಆಗುತ್ತಾ? ಹಾಗಂತ ಮಾಲೀಕನಿಗೊಬ್ಬನಿಗೇ ಬೈದು ಕೈ ತೊಳ್ಕೊಳ್ಳೋಕೂ ಆಗಲ್ಲ. ರಿವ್ಯೂನಲ್ಲಿ ಹೊಳಪಿಗೆ ಐದು ಸ್ಟಾರ್ ಕೊಡ್ತೀವಿ, ಕಾಫಿ ತಣ್ಣಗಿತ್ತು ಅಂತ ಒಂದು ಕಡಿಮೆ ಮಾಡ್ತೀವಿ. ಹುಡುಗನ ಕೈ ಬಗ್ಗೆ ಯಾರು ಬರೆದಿದ್ದೀವಿ?

ಇನ್ನು ಹಳ್ಳದ ವಿಷಯ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತು. ಒಳ್ಳೇದೇ. ಆದರೆ ನಮ್ಮೂರ ಹಳ್ಳಕ್ಕೆ ಮಂಡಳಿ ಎಲ್ಲಿದೆ? ಆ ವರ್ಷ ಮಳೆಗಾಲ ಕಳೆದ ಮೇಲೆ ಗೆಳೆಯರು ಮೂರು ಕಾರಲ್ಲಿ ಬಂದಿದ್ರು. ಬಿಸಿಲೆ ಕಡೆ ಸುತ್ತಾಡಿ ಕೆಸರಾದ ಕಾರುಗಳನ್ನ ತೋಟದ ಕೆಳಗಿನ ಹಳ್ಳಕ್ಕೇ ಇಳಿಸಿ ತೊಳೆಯೋಕೆ ಶುರು ಮಾಡಿದ್ರು. ಕ್ಯಾನು ತಂದುಕೊಟ್ಟಿದ್ದು ನಾನೇ. ನೊರೆ ಬಂಡೆ ಮೇಲಿಂದ ಇಳ್ಕೊಂಡು ಹೋಯ್ತು. ಒಬ್ಬ, “ಮಚ್ಚಾ, ಬಯೋಡಿಗ್ರೇಡಬಲ್ ಅಂತ ಬರ್ದಿದೆ, ಏನೂ ಆಗಲ್ಲ” ಅಂದ.

ಆ ಪದಕ್ಕಿರೋ ಒಂದು ಅಂತಾರಾಷ್ಟ್ರೀಯ ಪರೀಕ್ಷೆ ನಡೆಯೋದು 28 ದಿನ. ಅಷ್ಟು ದಿನದಲ್ಲಿ ಶೇಕಡ 60-70ರಷ್ಟು ಒಡೆದುಹೋದ್ರೆ ಪಾಸು. ನಮ್ಮ ಹಳ್ಳದ ಮೀನಿಗೆ 28 ದಿನ ಉಸಿರು ಹಿಡಿಯೋಕೆ ಬರಲ್ಲ. ಸರ್ಫ್ಯಾಕ್ಟಂಟು ಮೊದಲು ಕೈ ಹಾಕೋದೇ ಕಿವಿರಿಗೆ. ತೊಳೆದ ನೀರು ಮಣ್ಣಿಗೆ ಇಂಗೋ ಜಾಗ ಬೇಕು, ಹಳ್ಳದಿಂದ, ಬಾವಿಯಿಂದ ದೂರ. ತೋಟದಲ್ಲಿ ಅಂಥ ಜಾಗಕ್ಕೇನು ಬರ ಇರಲಿಲ್ಲ. ತೋರಿಸೋ ಮನಸ್ಸು ನನಗಿರಲಿಲ್ಲ ಅಷ್ಟೇ. ಈ ಹಳ್ಳ ಹೇಮಾವತಿಗೆ ಸೇರುತ್ತೆ, ಹೇಮಾವತಿ ಗೊರೂರು ಅಣೆಕಟ್ಟು ದಾಟಿ ಕೆಆರ್‌ಎಸ್‌ನಲ್ಲಿ ಕಾವೇರಿಗೆ ಸೇರುತ್ತೆ, ಕಾವೇರಿ ನೀರು ಪೈಪಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತೆ. ಅಷ್ಟು ದೂರ ಹೋಗೋದೂ ಬೇಡ. ನೂರು ಅಡಿ ಕೆಳಗೆ ಲೈನ್ ಮನೆಯವರು ಪಾತ್ರೆ ತೊಳೆಯೋ ಜಾಗ. ಒಬ್ಬರು ಹೆಂಗಸು ತಲೆ ಮೇಲೆ ಪಾತ್ರೆ ಬುಟ್ಟಿ ಇಟ್ಕೊಂಡು ನಿಂತಿದ್ರು. “ಅಣ್ಣ, ಇನ್ನೂ ಎಷ್ಟೊತ್ತಾಗುತ್ತೆ?” ಅಂತ ಕೇಳಿದ್ರು. ಅರ್ಧ ಗಂಟೆ ಅಂದೆ. ಬೇರೇನೂ ಹೇಳೋಕೆ ಬಾಯಿ ಬರಲಿಲ್ಲ.

ಮುಂದಿನ ತಿಂಗಳು ಅದೇ ಗೆಳೆಯರು ಮತ್ತೆ ಬರ್ತಾರಂತೆ. ಕೆಸರಾದ ಕಾರನ್ನ ಕೆಸರಲ್ಲೇ ಬೆಂಗಳೂರಿಗೆ ಓಡಿಸ್ಕೊಂಡು ಹೋಗೋದಾದ್ರೆ ಬನ್ನಿ ಅಂತ ಗ್ರೂಪಿಗೆ ಹಾಕಿದ್ದೀನಿ. ಇಬ್ಬರು ಹೆಬ್ಬೆರಳು ಎತ್ತಿದ್ದಾರೆ, ಒಬ್ಬ ಗ್ರೂಪ್ ಬಿಟ್ಟಿದ್ದಾನೆ.